ಮತ್ತೆ ಬರದ ಗಿರಾಕಿಗೂ ಅದೇ ಇಡ್ಲಿ

ಸಂಪಾದಕರಿಗೆ ನಮಸ್ಕಾರ,

ನಾನು ತುಮಕೂರಿನಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಈ ಪತ್ರ ಮಾತ್ರ ಹೋಟೆಲುಗಳ ಬಗ್ಗೆ. ಆನ್‌ಲೈನ್ ಬಂದು ನಮ್ಮ ವ್ಯಾಪಾರ ಮುಳುಗಿತು ಅಂತ ನಮ್ಮ ಬೀದಿಯ ಅಂಗಡಿಯವರೆಲ್ಲ ಟೀ ಕುಡಿಯುವಾಗ ಹೇಳುತ್ತಲೇ ಇರುತ್ತಾರೆ. ನಾನೂ ಹೇಳಿದ್ದೇನೆ. ಆದರೆ ಕಳೆದ ತಿಂಗಳು ಒಂದು ಬಸ್ ಪ್ರಯಾಣ ಆದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಅಮ್ಮನ ಜೊತೆ ದಾವಣಗೆರೆಗೆ, ಸೋದರತ್ತೆ ಮನೆಗೆ ಹೊರಟಿದ್ದೆ. ಸಂಜೆ ಬಸ್ಸು. ರಾತ್ರಿ ಊಟಕ್ಕೆ ಅಂತ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ನಿಲ್ಲಿಸಿದರು. ಸುತ್ತಮುತ್ತ ಬೇರೆ ಏನೂ ಇಲ್ಲ, ಒಂದು ಪೆಟ್ಟಿಗೆ ಅಂಗಡಿ ಕೂಡ ಇಲ್ಲ. ದರದ ಬೋರ್ಡ್ ಇಲ್ಲ. ಪ್ಲೇಟ್ ಟೇಬಲ್ಲಿಗೆ ಬಂದ ಮೇಲೆ ರೇಟು ಗೊತ್ತಾಯಿತು. ಚಪಾತಿ ತಣ್ಣಗಿತ್ತು, ಸಾಂಬಾರಿನಲ್ಲಿ ನೀರು ಬೇರೆ ಬೇಳೆ ಬೇರೆ. ಮಗುವಿನ ಹಾಲಿನ ಬಾಟಲಿಗೆ ಒಂದು ಲೋಟ ಬಿಸಿನೀರು ಕೇಳಿದ ಹೆಣ್ಣುಮಗಳ ಹತ್ತಿರ ಹತ್ತು ರೂಪಾಯಿ ತೆಗೆದುಕೊಂಡರು. ಅಮ್ಮ ಎರಡು ತುತ್ತು ತಿಂದು ಕೈ ತೊಳೆದರು. ಗಲ್ಲಾದಲ್ಲಿದ್ದವನಿಗೆ ಕೇಳಿದೆ, ಅವನು ತಲೆ ಎತ್ತಲೇ ಇಲ್ಲ. ಎತ್ತಬೇಕಾದ ಅಗತ್ಯ ಅವನಿಗೇನಿದೆ? ಈ ಬಸ್ಸು ಹೋದರೆ ಇನ್ನೊಂದು ಬಸ್ಸು ಬರುತ್ತದೆ. ಬಸ್ಸು ನಿಲ್ಲುವುದು ಊಟದ ರುಚಿ ನೋಡಿ ಅಲ್ಲವಲ್ಲ.

ಈಗ ತುಮಕೂರಿನ ಪಕ್ಕದ ನಮ್ಮ ಕ್ಯಾತ್ಸಂದ್ರ ನೋಡಿ. ಅದೂ ಹೆದ್ದಾರಿಯೇ. ಬೆಂಗಳೂರಿಗೆ ಸುಮಾರು ಅರವತ್ತೈದು ಕಿಲೋಮೀಟರು. ತಟ್ಟೆ ಇಡ್ಲಿಗೆ ನಿಲ್ಲುವ ಕಾರುಗಳಲ್ಲಿ ಎಷ್ಟೋ ಜನ ಆ ದಾರಿಯಲ್ಲಿ ಇನ್ನೊಮ್ಮೆ ಬರುತ್ತಾರೋ ಇಲ್ಲವೋ. ಹಾಗಂತ ಅಲ್ಲಿ ಹೊರಗಿನವರಿಗೆ ಒಂದು ಇಡ್ಲಿ, ಊರಿನವರಿಗೆ ಒಂದು ಇಡ್ಲಿ ಅಂತ ಇಲ್ಲ. ಅಲ್ಲಿ ಇಡ್ಲಿ ಹೋಟೆಲು ನಡೆಸುವ ಒಬ್ಬರು ನನಗೆ ಪರಿಚಯ, ಗ್ರೈಂಡರ್ ಮೋಟಾರು ಕೆಟ್ಟರೆ ನಮ್ಮ ಅಂಗಡಿಗೇ ತರುತ್ತಾರೆ. ದಾವಣಗೆರೆಯಿಂದ ಬಂದ ಮೇಲೆ ಈ ಕಥೆ ಹೇಳಿದೆ. "ಯಾರು ತಿರುಗಾ ಬರ್ತಾರೆ, ಯಾರು ಬರಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಣ್ಣ? ಎಲ್ಲಾ ಇಡ್ಲೀನೂ ಒಂದೇ ಹಬೇಲಿ ಬೇಯುತ್ತೆ" ಅಂದರು.

ಅವರ ಕೆಲಸ ನೋಡಿದರೆ ಇನ್ನೂ ಜಾಸ್ತಿ ತಿಳಿಯುತ್ತದೆ. ನಾಳೆ ಎಷ್ಟು ಜನ ಬರುತ್ತಾರೆ ಅಂತ ಇವತ್ತು ಮಧ್ಯಾಹ್ನವೇ ಅಂದಾಜು ಮಾಡಿ ಅಕ್ಕಿ ಉದ್ದು ನೆನೆ ಹಾಕಬೇಕು. ಹಿಟ್ಟು ರಾತ್ರಿಯೆಲ್ಲ ಉಬ್ಬಬೇಕು, ಚಳಿಗಾಲದಲ್ಲಿ ಅದಕ್ಕೂ ಜಾಸ್ತಿ ಹೊತ್ತು ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹಿಟ್ಟು ಸಾಲದು ಅಂತ ಗೊತ್ತಾದರೆ ಏನೂ ಮಾಡೋಕಾಗಲ್ಲ. ಅರ್ಧ ಉಬ್ಬಿದ ಹಿಟ್ಟಿಗೆ ಸೋಡಾ ಹಾಕಿ ಬೇಯಿಸಿ ಕೊಡಬಹುದು, ಇಲ್ಲ "ಮುಗೀತು" ಅನ್ನಬೇಕು. ಅವರು ಮುಗೀತು ಅನ್ನುತ್ತಾರೆ. ಭಾನುವಾರ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರುವಾಗ ಹಾಗನ್ನುವುದು ಎಷ್ಟು ಕಷ್ಟ ಅಂತ ಗಲ್ಲಾದಲ್ಲಿ ಕೂತವರಿಗೇ ಗೊತ್ತು.

ಬಟ್ಟೆಯ ವಿಷಯವೂ ಹಾಗೇ. ತಟ್ಟೆಗೆ ಬಟ್ಟೆ ಹಾಸಿ ಬೇಯಿಸಿದರೆ ದಿನಾ ಆ ಬಟ್ಟೆ ಒಗೆದು, ಕುದಿಸಿ, ಒಣಗಿಸಬೇಕು. ಪ್ಲಾಸ್ಟಿಕ್ ಹಾಳೆಯಾದರೆ ಕಿತ್ತು ಬಿಸಾಕಿದರೆ ಆಯಿತು. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ನೋಡಿದಾಗ 52 ಕಡೆ ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದರು, ಆಮೇಲೆ ಅದನ್ನು ನಿಷೇಧ ಮಾಡಿದರು. ಒಗೆಯುವ ಒಂದು ಕೂಲಿ ಉಳಿಸಲು ತಿನ್ನುವವರ ಹೊಟ್ಟೆಗೆ ವಿಷ ಹಾಕುವುದಾ? ಆ ಸುದ್ದಿ ಬಂದಾಗ ಬಟ್ಟೆ ಹಾಸುತ್ತಿದ್ದವರ ಹೋಟೆಲಿಗೂ ಜನ ಬಂದು ಅಡುಗೆಮನೆ ತೋರಿಸಿ ಅಂದರಂತೆ. ನನ್ನ ಪರಿಚಯದ ಇಡ್ಲಿ ಹೋಟೆಲಿನವರು ತೋರಿಸಿದರು. ಗಿರಾಕಿ ಬಂದು ಅಡುಗೆಮನೆ ನೋಡಲಿ ಅನ್ನುವ ಪದ್ಧತಿಯನ್ನು ಎಂ.ಟಿ.ಆರ್. (ಮಾವಳ್ಳಿ ಟಿಫಿನ್ ರೂಮ್) ಹೋಟೆಲಿನವರು ಎಷ್ಟೋ ವರ್ಷಗಳ ಹಿಂದೆಯೇ ಬೆಂಗಳೂರಿನಲ್ಲಿ ಇಟ್ಟುಕೊಂಡಿದ್ದರು.

ಎಂ.ಟಿ.ಆರ್. ಅಂದಾಗ ಇನ್ನೊಂದು ಮಾತು. 1924ರಲ್ಲಿ ಶುರುವಾದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಇವತ್ತು ನಾವೆಲ್ಲ ತಿನ್ನುವ ರವೆ ಇಡ್ಲಿ ಹಾಗೆ ಬಂತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿ ಬೆಲೆ ಇಳಿಸಿ ಅಂದಾಗ ರುಚಿ ಇಳಿಸಲು ಮನಸ್ಸಾಗದೆ ತಿಂಡಿಗಳ ರೆಡಿ ಪುಡಿ ಮಾಡಿ ಮಾರಲು ಹೊರಟರು. 2020ರ ಲಾಕ್‌ಡೌನಿನಲ್ಲಿ ನನಗೆ ಹೊಸ ಮೋಟಾರಿನ ಲೋಡು ಬರುವುದು ನಿಂತಾಗ ಈ ರವೆ ಇಡ್ಲಿ ನೆನಪಾಗಿಯೇ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಕೆಲಸ ಶುರು ಮಾಡಿದೆ. ಇವತ್ತು ಅಂಗಡಿಯ ಬಾಡಿಗೆ ಅದರಿಂದಲೇ ಹೋಗುತ್ತಿದೆ.

ಆದರೆ ಒಂದು ವಿಷಯದಲ್ಲಿ ನಾನೂ ಆ ಬಸ್ಸು ನಿಲ್ಲುವ ಹೋಟೆಲಿನವನ ಹಾಗೇ ಇದ್ದೆ. ಗುಬ್ಬಿ, ಕೊರಟಗೆರೆಯಿಂದ ಸದಾ ಬರುವ ರೈತರಿಗೆ ಒಂದು ರೇಟು, ಮುಖ ಗೊತ್ತಿಲ್ಲದವರಿಗೆ ಒಂದು ರೇಟು ಹೇಳುತ್ತಿದ್ದೆ. ಬೋರ್‌ವೆಲ್ ನಿಂತು ಬೆಳೆ ಒಣಗುತ್ತಿದೆ ಅಂತ ಓಡಿ ಬಂದವರು ಚೌಕಾಸಿ ಮಾಡಲ್ಲ ಅಂತ ಗೊತ್ತಿತ್ತು. ಪಕ್ಕದಲ್ಲಿ ಬೇರೆ ಹೋಟೆಲು ಇಲ್ಲದ ಕಡೆ ಬಸ್ಸು ನಿಲ್ಲಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅವತ್ತು ಅಮ್ಮ ಕೈ ತೊಳೆದಿದ್ದು ಕಣ್ಣ ಮುಂದೆಯೇ ಇತ್ತು. ಬಂದ ವಾರವೇ ಬೇರಿಂಗ್, ಬುಷ್, ಕೆಪಾಸಿಟರ್, ಸ್ಟಾರ್ಟರ್ ಎಲ್ಲದರ ರೇಟು ಬರೆದು ಬಾಗಿಲಿಗೆ ಹಾಕಿದೆ. ಮೊನ್ನೆ ಪಾವಗಡದ ಕಡೆಯ ರೈತರೊಬ್ಬರು ಹೊಸ ಸಿಂಗಲ್ ಫೇಸ್ ಮೋಟಾರು ಬೇಕು ಅಂತ ಬಂದಿದ್ದರು. ಹಳೆಯದನ್ನು ನೋಡಿದರೆ ಬರೀ ಕೆಪಾಸಿಟರ್ ಅನ್ನುವ ಸಣ್ಣ ಬಿಡಿಭಾಗ ಹೋಗಿತ್ತು. ಅದನ್ನೇ ಹಾಕಿ ಕೊಟ್ಟೆ. ಅವರು ಮತ್ತೆ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಿಮ್ಮ ಪತ್ರಿಕೆಯ ಮೂಲಕ ಬಸ್ಸು ಓಡಿಸುವವರಲ್ಲಿ ಒಂದು ವಿನಂತಿ. ಊಟಕ್ಕೆ ನಿಲ್ಲಿಸುವ ಹೋಟೆಲಿನ ಬಾಗಿಲಲ್ಲೇ ಕನ್ನಡದಲ್ಲಿ ದರಪಟ್ಟಿ ಇರಲಿ. ಕುಡಿಯುವ ನೀರು, ಮಕ್ಕಳಿಗೆ ಬಿಸಿನೀರು ದುಡ್ಡಿಲ್ಲದೆ ಸಿಗಲಿ. ದೂರು ಕೊಡುವ ನಂಬರನ್ನು ಬಸ್ಸಿನ ಒಳಗೆ ಅಂಟಿಸಿ. ದೂರು ಜಾಸ್ತಿ ಬಂದ ಹೋಟೆಲಿನಲ್ಲಿ ನಿಲ್ಲಿಸುವುದನ್ನು ಬಿಟ್ಟುಬಿಡಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ ಅಲ್ವಾ?

ವಾಪಸ್ ಬರುವಾಗಲೂ ಬಸ್ಸು ಅಂಥದ್ದೇ ಇನ್ನೊಂದು ಹೋಟೆಲಿನ ಮುಂದೆ ನಿಂತಿತು. ಅಮ್ಮ ಇಳಿಯಲಿಲ್ಲ. ಅತ್ತೆ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಸೀಟಿನಲ್ಲೇ ಬಿಚ್ಚಿ, ಪಕ್ಕದ ಸೀಟಿನ ಹುಡುಗನಿಗೂ ಒಂದು ರೊಟ್ಟಿ ಕೊಟ್ಟರು.

ಇಂತಿ,
ಒಬ್ಬ ಅಂಗಡಿಯವ, ತುಮಕೂರು