ಡಿಎನ್‌ಎಗೆ ವೋಲ್ಟೇಜ್ ಎಲ್ಲಿಂದ ತರಲಿ?

ಮಾನ್ಯ ಸಂಪಾದಕರೇ,

ತಪಾಸಣಾ ಕಚೇರಿಯವರು ತಡೆಹಿಡಿದ ‘ನಿಗೂಢ ಜೈವಿಕ ಸರ್ಕ್ಯೂಟ್’ ಕುರಿತು ನಿನ್ನೆಯ ಸಂಚಿಕೆಯಲ್ಲಿ ‘ಸ್ವಿಚ್ ಒತ್ತಿದರೆ ರೋಗಾಣು ದಾಳಿ’ ಎಂಬ ಶೀರ್ಷಿಕೆಯಡಿ ನೀವು ಪ್ರಕಟಿಸಿದ ವರದಿಯನ್ನು ಓದಿದೆ. ಆ ನಿಗೂಢ ವಸ್ತುವಿನ ವಾರಸುದಾರ ನಾನೇ. 19 ದಿನಗಳಿಂದ ಅದಕ್ಕಾಗಿ ಆ ಕಚೇರಿಯ ಬೆಂಚು ಸವೆಸುತ್ತಿರುವ ನನ್ನನ್ನು ನಿಮ್ಮ ವರದಿಗಾರರು ಒಂದು ಮಾತು ಕೇಳಿದ್ದರೆ, ಪೆಟ್ಟಿಗೆಯಲ್ಲಿ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ, ಕೊಳವೆಯ ತಳದಲ್ಲಿ ಕಣ್ಣಿಗೂ ಕಾಣದಷ್ಟು ಒಣಗಿದ ಡಿಎನ್‌ಎ ಮತ್ತು ಒಂದಿಷ್ಟು ಬ್ಯಾಕ್ಟೀರಿಯಾ ಕೋಶಗಳಿವೆ ಎಂದು ಹೇಳುತ್ತಿದ್ದೆ.

ಅರ್ಜಿಯಲ್ಲಿ ‘ಜೆನೆಟಿಕ್ ಸರ್ಕ್ಯೂಟಿನ ಭಾಗಗಳು’ ಎಂದು ಪ್ರಾಮಾಣಿಕವಾಗಿ ಬರೆದದ್ದೇ ನನ್ನ ಅಪರಾಧ. ಅದನ್ನು ಎಲೆಕ್ಟ್ರಾನಿಕ್ ಸರಕಿನ ಪಟ್ಟಿಗೆ ಸೇರಿಸಿದ ಅಧಿಕಾರಿಗಳು ಅದು ಎಷ್ಟು ವೋಲ್ಟಿನದು ಎಂದು ಲಿಖಿತವಾಗಿ ಕೇಳಿದರು. ಒಂದು ಜೀನ್‌ನಿಂದ ತಯಾರಾದ ಪ್ರೋಟೀನು ಮತ್ತೊಂದು ಜೀನ್‌ನ ಮುಂದಿರುವ ಪ್ರೊಮೋಟರ್ (ಜೀನ್‌ಗೆ ಕೆಲಸ ಶುರು ಮಾಡಿಸುವ ಭಾಗ) ಬಳಿ ಕುಳಿತು ಅದರ ಬಾಯಿ ಮುಚ್ಚಿಸುತ್ತದೆ, ಎರಡು ಜೀನ್‌ಗಳು ಹೀಗೆ ಪರಸ್ಪರ ಬಾಯಿ ಮುಚ್ಚಿಸಿದರೆ ಎರಡರಲ್ಲೊಂದು ಸ್ಥಿತಿಯಲ್ಲಿ ನಿಲ್ಲುವ ಟಾಗಲ್ ಸ್ವಿಚ್, ಮೂರು ಜೀನ್‌ಗಳು ವರ್ತುಲದಲ್ಲಿ ಒಂದನ್ನೊಂದು ತಡೆದರೆ ಸರದಿಯಂತೆ ಏರಿಳಿಯುವ ರಿಪ್ರೆಸಿಲೇಟರ್ ಎಂದು ನಾನೂ ಲಿಖಿತವಾಗಿಯೇ ವಿವರಿಸಿದೆ. ಇವೆರಡೂ 2000ದ ಜನವರಿಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು. ವಿಜ್ಞಾನಿಗಳಾದ ಎಲೋವಿಟ್ಜ್ ಮತ್ತು ಲೈಬ್ಲರ್ ಅವರ ರಿಪ್ರೆಸಿಲೇಟರ್ ಹೊತ್ತ ಇ. ಕೋಲಿ ಬ್ಯಾಕ್ಟೀರಿಯಾ ಕೋಶಗಳು ಸುಮಾರು 150 ನಿಮಿಷಗಳಿಗೊಮ್ಮೆ ಹಸಿರಾಗಿ ಹೊಳೆದು ಮಂಕಾಗುತ್ತಿದ್ದವು ಎಂಬುದನ್ನೂ ಸೇರಿಸಿದೆ. ಮೂರು ಪುಟಗಳ ಆ ಪತ್ರಕ್ಕೆ ಬಂದ ಮರುಪ್ರಶ್ನೆ, ‘ಹೊಳೆಯುವುದಾದರೆ ಎಷ್ಟು ವ್ಯಾಟ್?’

ಕೋಶಗಳು ಕೆಡದಿರಲೆಂದು ಪೆಟ್ಟಿಗೆಗೆ ಐದು ಕಿಲೋ ಡ್ರೈ ಐಸ್ ತುಂಬಲಾಗಿತ್ತು. ಅದು ಘನ ಇಂಗಾಲದ ಡೈಆಕ್ಸೈಡ್; ಮೈನಸ್ 78 ಡಿಗ್ರಿಯ ಆಸುಪಾಸಿನಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗಿ ಹೋಗುತ್ತದೆ. ಹೋಯಿತು. ಎಂಟನೆಯ ದಿನ ಪೆಟ್ಟಿಗೆ ತೂಗಿದ ಅಧಿಕಾರಿಗಳು, ದಾಖಲೆಯಲ್ಲಿರುವ ಐದು ಕಿಲೋ ಸರಕು ಎಲ್ಲಿ ಹೋಯಿತು ಎಂದು ನನಗೇ ನೋಟಿಸು ಕೊಟ್ಟರು. ಅದರ ಜೊತೆ ಕೋಶಗಳೂ ಸತ್ತಿವೆ. ಆ ಬಗ್ಗೆ ನೋಟಿಸು ಕೊಡಬೇಕೆಂದು ಯಾರಿಗೂ ಅನಿಸಿಲ್ಲ.

ಕಚೇರಿಯಲ್ಲಿ ದಿನವೂ ‘ನಾಳೆ ಬನ್ನಿ’ ಎಂದೇ ಹೇಳುತ್ತಿದ್ದುದರಿಂದ, ಹೊಸ ಡಿಎನ್‌ಎ ಸೇರಿಸಬೇಕಿದ್ದ ಹಳೆಯ ಕಲ್ಚರನ್ನು (ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ, ಸರ್ಕ್ಯೂಟ್ ಹೊತ್ತ ಬ್ಯಾಕ್ಟೀರಿಯಾವನ್ನು) ಭಾನುವಾರವೂ ಬಿಡದೆ ಪ್ರತಿ ರಾತ್ರಿ ಹೊಸ ಪೋಷಕ ದ್ರವಕ್ಕೆ ವರ್ಗಾಯಿಸಿ ಸಿದ್ಧವಾಗಿಟ್ಟೆ. ಸರ್ಕ್ಯೂಟ್ ಹೊತ್ತ ಕೋಶವು ಪ್ರೋಟೀನು ತಯಾರಿಸುವ ತನ್ನ ಯಂತ್ರಗಳಾದ ರೈಬೋಸೋಮ್‌ಗಳನ್ನು ನಮ್ಮ ಪ್ರೋಟೀನಿಗೂ ಹಂಚಬೇಕಾಗುವುದರಿಂದ ನಿಧಾನವಾಗಿ ಬೆಳೆಯುತ್ತದೆ. ಮ್ಯುಟೇಷನ್‌ನಿಂದ, ಅಂದರೆ ಡಿಎನ್‌ಎಯಲ್ಲಾಗುವ ಆಕಸ್ಮಿಕ ಬದಲಾವಣೆಯಿಂದ, ಸರ್ಕ್ಯೂಟ್ ಕೆಟ್ಟ ಕೋಶವಾದರೋ ಆ ಹೊರೆಯನ್ನು ಕೆಳಗಿಟ್ಟು, ದುಡಿಯುವ ಕೋಶಗಳನ್ನು ಹಿಂದೆ ಹಾಕಿ ಇಡೀ ಕೊಳವೆಯನ್ನು ಆಕ್ರಮಿಸುತ್ತದೆ. ಕೆಲಸ ಮಾಡದವರೇ ಮೇಲೇರುವ ಈ ವಿದ್ಯಮಾನವನ್ನು ಆ ಕಚೇರಿಯವರಿಗಾದರೂ ನಾನು ವಿವರಿಸಬೇಕಿರಲಿಲ್ಲ. ಹದಿನೈದನೆಯ ದಿನದ ಹೊತ್ತಿಗೆ ನನ್ನ ಕಲ್ಚರಿನಲ್ಲಿ ಹಸಿರು ಹೊಳಪೇ ಇರಲಿಲ್ಲ.

ಶೈತ್ಯಾಗಾರದ ದಾಸ್ತಾನಿನಿಂದ ಮತ್ತೆ ಆರಂಭಿಸಬಹುದಲ್ಲ ಎಂದು ಬಲ್ಲವರು ಕೇಳಬಹುದು. ಮೈನಸ್ 80ರ ಆ ಫ್ರೀಜರ್ ಕಳೆದ ವರ್ಷ ವಿದ್ಯುತ್ ಹೋದ ಒಂದೇ ರಾತ್ರಿಯಲ್ಲಿ ಕರಗಿತು. ಜನರೇಟರಿನ ಕಡತ ಅದಕ್ಕೂ ಎರಡು ವರ್ಷ ಮೊದಲೇ ಸಹಿಗೆ ಹೋಗಿತ್ತು, ಈಗಲೂ ಸಹಿಯಲ್ಲೇ ಇದೆ. ಅಂದು ಹಾಳಾದದ್ದರ ಬದಲಿಗೆ ತರಿಸಿದ ಪೆಟ್ಟಿಗೆಯೇ ಇದು.

ಸುರಕ್ಷತೆಯ ಪ್ರಶ್ನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಗೆ ಹೋದರೆ ಬ್ಯಾಕ್ಟೀರಿಯಾ ತಾನಾಗಿ ಸಾಯುವಂಥ ಕಿಲ್ ಸ್ವಿಚ್‌ಗಳನ್ನು ಈ ಕ್ಷೇತ್ರದವರೇ ರೂಪಿಸಿದ್ದಾರೆ, ಅವೂ ಮ್ಯುಟೇಷನ್‌ನಿಂದ ಕೆಡಬಹುದು ಎಂದು ಎಚ್ಚರಿಸಿದವರೂ ಅವರೇ. ಯಾವ ತಳಿಯ ಬ್ಯಾಕ್ಟೀರಿಯಾ, ಯಾವ ಆಂಟಿಬಯಾಟಿಕ್‌ಗೆ ನಿರೋಧಕ ಜೀನ್, ತ್ಯಾಜ್ಯವನ್ನು ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಂದು) ಎಸೆಯುತ್ತೀರಾ ಎಂದು ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದನ್ನಾದರೂ ಈ 19 ದಿನಗಳಲ್ಲಿ ಯಾರೂ ಕೇಳಲಿಲ್ಲ. ಹಿಂದೊಮ್ಮೆ ಪ್ರಯೋಗಾಲಯಕ್ಕೆ ಬಂದ ಪರಿಶೀಲನಾ ತಂಡವೂ ಹಾಜರಿ ಪುಸ್ತಕ ನೋಡಿ, ಕುರ್ಚಿಗಳನ್ನು ಎಣಿಸಿ ಹೋಗಿತ್ತು. ‘ಸ್ವಿಚ್ ಒತ್ತಿದರೆ ರೋಗಾಣು ದಾಳಿ’ ಎಂಬ ನಿಮ್ಮ ಶೀರ್ಷಿಕೆಯ ಸ್ವಿಚ್ಚಾದರೂ ಯಾವುದು? ಜೀನ್‌ನ ಬಾಯಿ ಮುಚ್ಚಿಸಿದ ಪ್ರೋಟೀನನ್ನು ಕದಲಿಸುವ ಐಪಿಟಿಜಿ ಎಂಬ ರಾಸಾಯನಿಕದ ನಾಲ್ಕು ಹನಿ. ದಾಳಿಯೆಂದರೆ ಹಸಿರು ಬೆಳಕು.

ಆದ್ದರಿಂದ ಸಂಬಂಧಪಟ್ಟವರು ಪೆಟ್ಟಿಗೆಯನ್ನು ಕೂಡಲೇ ಬಿಡಬೇಕು, ಇಲ್ಲವೇ ಬಿಡುವುದಿಲ್ಲವೆಂದಾದರೂ ಬರೆದುಕೊಡಬೇಕು. ನೀವು ತಿದ್ದುಪಡಿ ಪ್ರಕಟಿಸಬೇಕು. ಅದಾಗದಿದ್ದರೆ ಮುಂದಿನ ಸಲ ಶೀರ್ಷಿಕೆ ಕೊಡುವ ಮುನ್ನ ವರದಿಯನ್ನಾದರೂ ಓದಬೇಕು. ಒಟ್ಟಿನಲ್ಲಿ ಯಾರಾದರೂ ಏನಾದರೂ ಮಾಡಬೇಕು. ಆವಿಯಾದ ಐದು ಕಿಲೋ ಐಸನ್ನು ಹಾಜರುಪಡಿಸಲು ನನಗೆ ಕೊಟ್ಟಿರುವ ಗಡುವು ನಾಳೆಗೆ ಮುಗಿಯುತ್ತದೆ.

ಇತಿ,
ನಿಮ್ಮ ಹಳೆಯ ಓದುಗ