ತೋಟದ ಪಹಣಿ ಕೊಡುವ ಮೊದಲು

ಶಿವಮೊಗ್ಗ,
ಭಾನುವಾರ ರಾತ್ರಿ

ಚಿರಂಜೀವಿ ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ನಿನ್ನ ಅಪ್ಪ ಫೋನ್ ಮಾಡಿದ್ದ. ಮಳೆ, ಕೊಳೆರೋಗ, ಗೌರಿ ಕರು ಹಾಕಿದ್ದು ಎಲ್ಲ ಹೇಳಿ ಮುಗಿಸಿ, ಇನ್ನೇನು ಫೋನ್ ಇಡಬೇಕು ಎನ್ನುವಾಗ ಮೆಲ್ಲಗೆ, "ಸುಮಾಳಿಗೆ ಸೌದಿಯಲ್ಲಿ ನರ್ಸ್ ಕೆಲಸ ಆಗುವ ಹಾಗಿದೆ. ಏಜೆನ್ಸಿಯವರು ಆರು ಲಕ್ಷ ಕೇಳುತ್ತಿದ್ದಾರೆ. ತೋಟದ ಪಹಣಿ ಕೊಟ್ಟು ಸೊಸೈಟಿಯಲ್ಲಿ ಸಾಲ ಎತ್ತೋಣ ಎಂದಿದ್ದೇನೆ" ಎಂದ. ಅವನು ಚಿಕ್ಕಂದಿನಿಂದಲೂ ಹಾಗೆಯೇ, ದೊಡ್ಡ ವಿಷಯ ಕೊನೆಗೆ. ನಿನಗೂ ಫೋನಿನಲ್ಲಿ ಹೇಳಬಹುದಿತ್ತು. ನೀನು "ಹೂಂ ಅತ್ತೆ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗಬೇಡ ಎನ್ನುತ್ತಿಲ್ಲ. ಹನ್ನೊಂದು ವರ್ಷ ಅಲ್ಲಿ ದುಡಿದವಳು ನಾನು. ಈ ಮನೆ ಕಟ್ಟಿದ್ದು, ನಿಮ್ಮ ತೋಟಕ್ಕೆ ಪಂಪ್‌ಸೆಟ್ ಬಂದದ್ದು ಆ ರಿಯಾಲಿನಿಂದಲೇ. ಬೆಂಗಳೂರಿನಲ್ಲಿ ಹನ್ನೆರಡು ಗಂಟೆ ನಿಂತು ಹದಿನೆಂಟು ಸಾವಿರ ಎಣಿಸುವ ಹುಡುಗಿಗೆ ಹೋಗಬೇಡ ಎನ್ನಲು ನನಗೆ ಬಾಯಿ ಬಾರದು. ಹೋಗು. ಸಾಲ ಹೊತ್ತು ಹೋಗಬೇಡ, ಅಷ್ಟೇ.

ನಾನು ಹೋದದ್ದು 1996ರಲ್ಲಿ. ಮುಂಬೈಯ ಏಜೆಂಟನಿಗೆ ಎಪ್ಪತ್ತು ಸಾವಿರ ಕೊಟ್ಟಿದ್ದೆವು, ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದದ್ದು. ನಿನ್ನ ಅಜ್ಜಿಯ ಅವಲಕ್ಕಿ ಸರ ಆಗಲೇ ಗಿರವಿಗೆ ಹೋದದ್ದು. ನೀನು ಅದನ್ನು ಫೋಟೊದಲ್ಲಿ ಮಾತ್ರ ನೋಡಿದ್ದೀಯ. ಮುಂಬೈಯಲ್ಲಿ ಸಹಿ ಮಾಡಿದ ಒಪ್ಪಂದದಲ್ಲಿ ಸಂಬಳ 1,800 ರಿಯಾಲ್. ಅಲ್ಲಿಗೆ ಹೋದ ಎರಡನೆಯ ದಿನ ಆಸ್ಪತ್ರೆಯ ಕಚೇರಿಯಲ್ಲಿ ಇನ್ನೊಂದು ಕಾಗದ ಮುಂದಿಟ್ಟರು. ಪೂರ್ತಿ ಅರಬ್ಬಿ. "ಅದೇ ಒಪ್ಪಂದ, ಸರ್ಕಾರಕ್ಕೆ ಒಂದು ಪ್ರತಿ ಬೇಕು" ಎಂದ ಗುಮಾಸ್ತ. ನಾನು ಪೆನ್ನು ತೆಗೆದುಕೊಳ್ಳುವಾಗ ಪಕ್ಕದಲ್ಲಿದ್ದ ಕೋಟ್ಟಯಂನ ಹುಡುಗಿ ಸಂಬಳದ ಸಾಲಿನ ಮೇಲೆ ಬೆರಳಿಟ್ಟಳು. ಒಂದು ಗೀಟು, ಒಂದು ಕೊಕ್ಕೆ, ಎರಡು ಚುಕ್ಕೆ. ಅರಬ್ಬಿಯಲ್ಲಿ ಸೊನ್ನೆಗೆ ಚುಕ್ಕೆ ಇಡುತ್ತಾರೆ. ಕೊಕ್ಕೆ ಎಂದರೆ ಎರಡು. ಎಂಟಾಗಿದ್ದರೆ ಅಲ್ಲಿ ಮನೆಯ ಮಾಡಿನಂಥ ಗುರುತು ಇರಬೇಕಿತ್ತು. ಅಂದರೆ 1,200.

ಅವಳು ಸಹಿ ಮಾಡಲಿಲ್ಲ. ಅವಳ ಅಕ್ಕ ಅದೇ ಆಸ್ಪತ್ರೆಯಲ್ಲಿದ್ದು ನೇರವಾಗಿ ವೀಸಾ ಕಳುಹಿಸಿದ್ದಳು, ಹಿಂದೆ ಬಿಡಿಗಾಸಿನ ಸಾಲವಿಲ್ಲ. "ವಾಪಸ್ ಕಳುಹಿಸಿ" ಎಂದು ಮೂರು ದಿನ ಹಾಸ್ಟೆಲಿನಲ್ಲಿ ಕುಳಿತಳು. ನಾಲ್ಕನೆಯ ದಿನ ಅವಳ ಕಾಗದದಲ್ಲಿ ಕೊಕ್ಕೆ ಹೋಗಿ ಮಾಡು ಬಂತು. ನಾನು ಕಾಗದ ಮುಂದಿಟ್ಟ ದಿನವೇ ಸಹಿ ಮಾಡಿಯಾಗಿತ್ತು. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿದೆ ಎನ್ನುವುದು ನನಗೆ ಆಮೇಲೆ ನೆನಪಾಯಿತು. ಪೆನ್ನು ಕೈಯಲ್ಲಿ ಹಿಡಿದಾಗ ಕಣ್ಣ ಮುಂದಿದ್ದದ್ದು ತಿಂಗಳಿಗೆ ಸಾವಿರದ ನಾನೂರು ಬಡ್ಡಿ. ಎರಡು ವರ್ಷಕ್ಕೆ ಕಳೆದುಕೊಂಡದ್ದು 14,400 ರಿಯಾಲ್. ಆಗ ರಿಯಾಲಿಗೆ ಒಂಬತ್ತು ರೂಪಾಯಿ ಚಿಲ್ಲರೆ, ಗುಣಿಸಿ ನೋಡು.

ಅದು ಹಳೆಯ ಕಾಲ ಎನ್ನಬೇಡ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ 46 ನರ್ಸುಗಳು ಸಿಕ್ಕಿಬಿದ್ದರಲ್ಲ, ಜುಲೈಯಲ್ಲಿ ವಿಮಾನದಲ್ಲಿ ಕೊಚ್ಚಿಗೆ ಕರೆತಂದರಲ್ಲ, ಹೆಚ್ಚಿನವರು ಕೇರಳದವರು. ಜೀವ ಉಳಿಸಿಕೊಂಡು ಬಂದವರಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ಸಾಲ ಕಾಯುತ್ತಿತ್ತು. ಮರುವರ್ಷ ಕುವೈತ್‌ಗೆ ಕಳುಹಿಸಲು ಒಬ್ಬೊಬ್ಬರಿಂದ ಇಪ್ಪತ್ತು ಲಕ್ಷದ ಹತ್ತಿರ ಕಿತ್ತ ಪ್ರಕರಣ ಕೇರಳದಲ್ಲಿ ಸಿಬಿಐ ತನಿಖೆಯವರೆಗೆ ಹೋಯಿತು. ಅದೇ 2015ರಲ್ಲಿ ಕೇಂದ್ರ ಸರ್ಕಾರ, ಗಲ್ಫ್ ಸೇರಿದ ವಲಸೆ ತಪಾಸಣೆಯ ದೇಶಗಳಿಗೆ, ಅಂದರೆ ಹೊರಡುವ ಮೊದಲು ಸರ್ಕಾರ ಕಾಗದಪತ್ರ ನೋಡಿ ಅನುಮತಿ ಕೊಡಬೇಕಾದ ದೇಶಗಳಿಗೆ, ಹೋಗುವ ನರ್ಸುಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕು, ವಲಸೆ ಅನುಮತಿ ಕಡ್ಡಾಯ ಎಂದು ನಿಯಮ ತಂದಿತು. ಪದವಿ ಇರುವ ನಿನ್ನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಆ ತಪಾಸಣೆ ಇಲ್ಲ. ನರ್ಸುಗಳಿಗೆ ಮಾತ್ರ ಈ ಪ್ರತ್ಯೇಕ ನಿಯಮ. "ಸದ್ಯ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸಿಕೊಳ್ಳೋಣ" ಎಂದು ನಿಮ್ಮ ಏಜೆಂಟ್ ಹೇಳಿದನಂತೆ. ಅನುಮತಿಯನ್ನು ತಪ್ಪಿಸುವ ದಾರಿಯೇ ಅದು. ಆ ಮಾತು ಬಂದ ಮೇಲೆ ನಿನ್ನ ಅಪ್ಪ ಕಾಫಿ ಕುಡಿದು ಎದ್ದು ಬರಬೇಕಿತ್ತು.

ಆರು ಲಕ್ಷದ ವಿಷಯಕ್ಕೆ ಬರುತ್ತೇನೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆನ್ಸಿ ನಿನ್ನಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ ಮೂವತ್ತು ಸಾವಿರ, ಅದರ ಮೇಲೆ ಜಿಎಸ್‌ಟಿ. ಶೇಕಡಾ 18 ಸೇರಿಸಿದರೆ 35,400 ರೂಪಾಯಿ, ಅದಕ್ಕೂ ರಸೀದಿ. ಉಳಿದ ಐದೂವರೆ ಲಕ್ಷ ಯಾತಕ್ಕೆ ಎಂದು ಬರೆದು ಕೊಡಲು ಕೇಳು, ಏನೆನ್ನುತ್ತಾರೋ ನೋಡೋಣ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ಸಂಖ್ಯೆ ಹಾಕಿ ನೋಡು. ತೀರ್ಥಹಳ್ಳಿಯಲ್ಲಿ ಬೋರ್ಡು ಹಾಕಿಕೊಂಡವನು "ನಮ್ಮ ಮುಖ್ಯ ಕಚೇರಿ ಮುಂಬೈಯಲ್ಲಿದೆ, ಲೈಸೆನ್ಸ್ ಅವರದ್ದು" ಎಂದರೆ ಅವನು ಉಪ ಏಜೆಂಟ್. ಕಾನೂನಿನಲ್ಲಿ ಅವನಿಗೆ ಜಾಗವಿಲ್ಲ. ಬೆಂಗಳೂರಿನಲ್ಲಿ ವಲಸೆ ಅನುಮತಿ ಕೊಡುವ ವಲಸೆ ಸಂರಕ್ಷಕರ ಕಚೇರಿಯೇ ಇದೆ. ನೀನು ಇರುವುದೂ ಅಲ್ಲೇ, ಒಂದು ರಜೆಯ ದಿನ ಹೋಗಿ ಕೇಳಲು ಏನು ಕಷ್ಟ?

ನಿಜವಾಗಿ ಖರ್ಚಾಗುವುದನ್ನು ನೀನೇ ಖರ್ಚು ಮಾಡು. ನರ್ಸಿಂಗ್ ಕೌನ್ಸಿಲಿನ ಪತ್ರ, ಪ್ರಮಾಣಪತ್ರಗಳು ನಿಜವೇ ಎಂದು ನೋಡುವ ಡೇಟಾಫ್ಲೋ ಪರಿಶೀಲನೆ, ಅಲ್ಲಿನ ನರ್ಸಿಂಗ್ ಲೈಸೆನ್ಸಿಗೆ ಬರೆಯುವ ಪ್ರೊಮೆಟ್ರಿಕ್ ಪರೀಕ್ಷೆ, ಇವೆಲ್ಲ ನಿನ್ನ ಸಂಬಳದಲ್ಲಿ ಒಂದೊಂದಾಗಿ ಕಟ್ಟಬಹುದಾದವು. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಡಬೇಡ, ಜೆರಾಕ್ಸ್ ಸಾಕು. ನಿನಗೆ ಒಂದೂವರೆ ವರ್ಷದ ಅನುಭವ. "ಎರಡು ವರ್ಷದ ಪತ್ರ ನಾವೇ ಮಾಡಿಕೊಡುತ್ತೇವೆ" ಎನ್ನುತ್ತಾರಂತಲ್ಲ, ಅದನ್ನು ಕೇಳಿ ನನಗೆ ಮೈ ಉರಿಯಿತು. ಡೇಟಾಫ್ಲೋದವರು ಆಸ್ಪತ್ರೆಗೇ ನೇರವಾಗಿ ಬರೆದು ಕೇಳುತ್ತಾರೆ. ಸುಳ್ಳೆಂದು ದಾಖಲಾದರೆ ಸಿಕ್ಕಿಬೀಳುವವಳು ನೀನು, ಏಜೆಂಟ್ ಅಲ್ಲ. ಆರು ತಿಂಗಳು ಕಾಯಿ, ಸೌದಿ ಎಲ್ಲಿಗೂ ಓಡಿಹೋಗುವುದಿಲ್ಲ.

ಆ ಆರು ತಿಂಗಳಲ್ಲಿ ಇಂಗ್ಲೆಂಡಿನ ಕಡೆಗೂ ಒಮ್ಮೆ ನೋಡು. ಅಲ್ಲಿನ ನೇಮಕಾತಿ ಸಂಹಿತೆಯ ಪ್ರಕಾರ ಏಜೆನ್ಸಿ ನರ್ಸಿನಿಂದ ಶುಲ್ಕ ಪಡೆಯುವ ಹಾಗೇ ಇಲ್ಲ, ಕೊಡುವುದು ಆಸ್ಪತ್ರೆ. ಐಇಎಲ್‌ಟಿಎಸ್ ಅಥವಾ ಒಇಟಿ ಎನ್ನುವ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಮೊದಲು ಕಂಪ್ಯೂಟರ್ ಪರೀಕ್ಷೆ, ಹೋದ ಮೇಲೆ ಆಸ್ಕಿ ಎನ್ನುವ ಪ್ರಾಯೋಗಿಕ ಪರೀಕ್ಷೆ. ಬಾಂಡ್ ಇದ್ದರೆ ನಡುವೆ ಬಿಟ್ಟಾಗ ಎಷ್ಟು ತಿರುಗಿ ಕಟ್ಟಬೇಕು, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ ಎನ್ನುವುದನ್ನು ಎರಡು ಸಲ ಓದು. ಜರ್ಮನಿಗಾದರೆ ಮೊದಲು ಅವರ ಭಾಷೆ ಕಲಿಯಬೇಕು, ಅದಕ್ಕೆ ನಿನಗೆ ತಾಳ್ಮೆ ಇದೆಯೋ ನಾನರಿಯೆ.

ನಿನ್ನ ಅಪ್ಪನಿಗೆ ಇದನ್ನೆಲ್ಲ ಹೇಳಿದರೆ "ಅಕ್ಕ ಹೆದರಿಸುತ್ತಾಳೆ" ಎನ್ನುತ್ತಾನೆ. ಪಹಣಿ ಸದ್ಯಕ್ಕೆ ಬೀರುವಿನಲ್ಲೇ ಇರಲಿ ಎಂದು ಮಾತ್ರ ಹೇಳು, ಉಳಿದದ್ದು ನನಗೆ ಬಿಡು. ಮುಂದಿನ ವಾರ ಎರಡು ದಿನ ರಜೆ ಹಾಕಿ ಇಲ್ಲಿ ಇಳಿದು ಹೋಗು, ಪತ್ರೊಡೆ ಮಾಡುತ್ತೇನೆ. ಏಜೆನ್ಸಿಯವರು ಕೊಟ್ಟ ಕಾಗದಗಳನ್ನೆಲ್ಲ ತಾ. ಅರಬ್ಬಿ ಪುಟವಿದ್ದರೆ ಅದನ್ನೂ ಬಿಡಬೇಡ. ಅಂಕಿಗಳು ನನಗೆ ಈಗ ಚೆನ್ನಾಗಿ ಓದಲು ಬರುತ್ತವೆ.

ಇಂತಿ ನಿನ್ನ
ಅತ್ತೆ