ಇ–ಖಾತಾ: ಆಕ್ಷೇಪಣೆ ಒಂದೇ ಸಲ ಬರಲಿ, ಬರಹದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ರಾಜ್ಯದ ನಗರ, ಪಟ್ಟಣಗಳಲ್ಲಿ ಆಸ್ತಿ ನೋಂದಣಿಗೆ ಇ–ಖಾತಾ (ಸ್ಥಳೀಯ ಸಂಸ್ಥೆ ಕಂಪ್ಯೂಟರಿನಲ್ಲಿ ಇಡುವ ಆಸ್ತಿ ತೆರಿಗೆ ದಾಖಲೆ) ಕಡ್ಡಾಯವಾದದ್ದು 2024ರ ಅಕ್ಟೋಬರ್ ಸುಮಾರಿಗೆ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ತಡೆ ಬೀಳುತ್ತದೆ. ಈ ವ್ಯವಸ್ಥೆ ಬೇಕಾದದ್ದೇ. ಆದರೆ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಸೈಟು ಮಾರಲು ಹೊರಟವರು ನಗರಸಭೆ, ಪುರಸಭೆಗಳಿಗೆ ಅಲೆದು ಸೋತು ಹೋಗುತ್ತಿದ್ದಾರೆ. ಇವತ್ತು ಹೋದರೆ ಇಸಿ (ಆಸ್ತಿಯ ಮೇಲಿನ ವಹಿವಾಟು, ಅಡಮಾನ ತೋರಿಸುವ ಋಣಭಾರ ಪ್ರಮಾಣಪತ್ರ) ತನ್ನಿ ಎನ್ನುತ್ತಾರೆ. ಮುಂದಿನ ವಾರ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಹೊಂದುತ್ತಿಲ್ಲ. ಅದನ್ನು ಸರಿಪಡಿಸಿಕೊಂಡು ಹೋದರೆ ಹಳೆಯ ಕಂದಾಯ ಬಾಕಿ. ಈ ಮೂರನ್ನೂ ಮೊದಲ ದಿನವೇ ಹೇಳಬಹುದಿತ್ತಲ್ಲವೇ?

ಅರ್ಜಿ ನಿಲ್ಲುವುದು ಬಹುಪಾಲು ದಾಖಲೆ ಇಲ್ಲದ್ದಕ್ಕಲ್ಲ, ಇರುವ ದಾಖಲೆಗಳು ಒಂದಕ್ಕೊಂದು ತಾಳೆಯಾಗದ್ದಕ್ಕೆ. ಕ್ರಯಪತ್ರದಲ್ಲಿ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಪತ್ರದಲ್ಲಿ ಪೂರ್ವ–ಪಶ್ಚಿಮ 30 ಅಡಿ, ಉತ್ತರ–ದಕ್ಷಿಣ 40 ಅಡಿ ಎಂದಿದ್ದರೆ ನಗರಸಭೆಯ ಆಸ್ತಿ ರಿಜಿಸ್ಟರಿನಲ್ಲಿ ಅದು ತಿರುವುಮುರುವಾಗಿರುತ್ತದೆ. ಎರಡರಲ್ಲೂ ವಿಸ್ತೀರ್ಣ 1,200 ಚದರ ಅಡಿಯೇ, ಆದರೆ ನಿವೇಶನದ ಮುಖವೇ ಬದಲಾಗಿಬಿಡುತ್ತದೆ. ಗುಂಟೆ ಲೆಕ್ಕದ ಹಳೆಯ ಪತ್ರಗಳಲ್ಲಿ ಇನ್ನೊಂದು ತೊಡಕು: ಒಂದು ಗುಂಟೆ ಎಂದರೆ 1,089 ಚದರ ಅಡಿ. ಅದನ್ನು 30–40ರ ಸೈಟು ಎಂದು ಬರೆದಿದ್ದರೆ 111 ಚದರ ಅಡಿ ಹೆಚ್ಚಾಗುತ್ತದೆ, ಕೇಸ್‌ವರ್ಕರ್ ಅಲ್ಲಿಗೇ ಕಡತ ನಿಲ್ಲಿಸುತ್ತಾರೆ. ನಿಲ್ಲಿಸುವುದು ಸರಿಯೇ. ಏಕೆ ನಿಲ್ಲಿಸಿದೆ ಎಂದು ಬರೆದು ತಿಳಿಸದಿರುವುದು ತಪ್ಪು.

ತಪ್ಪು ಹುಟ್ಟಿದ್ದು ಎಲ್ಲಿ ಎಂಬುದನ್ನು ಮೊದಲು ಹುಡುಕಬೇಕು. ಬಹಳ ಜನ ಎಡವುವುದು ಇಲ್ಲೇ. ಕ್ರಯಪತ್ರದಲ್ಲೇ ತಪ್ಪಿದ್ದರೆ ನಗರಸಭೆ ಏನೂ ಮಾಡಲಾಗದು. ಮಾರಿದವರನ್ನೂ ಕರೆದುಕೊಂಡು ಹೋಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಪತ್ರ ಸರಿಯಿದ್ದು ರಿಜಿಸ್ಟರ್ ತಪ್ಪಿದ್ದರೆ ಉಪನೋಂದಣಾಧಿಕಾರಿ ಬಳಿ ಹೋಗಿ ಪ್ರಯೋಜನವಿಲ್ಲ. ಪತ್ರದ ದೃಢೀಕೃತ ನಕಲು ಲಗತ್ತಿಸಿ ನಗರಸಭೆಗೇ ಅರ್ಜಿ ಕೊಡಬೇಕು. ಕೈಬರಹದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವಾಗ ಸಿಬ್ಬಂದಿಯಿಂದಾದ ತಪ್ಪಿಗೂ ಮಾಲೀಕರಿಂದಲೇ ಅಫಿಡವಿಟ್ ಕೇಳುವುದು ಅನ್ಯಾಯ. ಮೂಲ ಪುಸ್ತಕ ನಗರಸಭೆಯ ಕಪಾಟಿನಲ್ಲೇ ಇದೆ, ಸಿಬ್ಬಂದಿಯೇ ತೆಗೆದು ನೋಡಲಿ.

ಇಸಿ ತೆಗೆಸುವಾಗ ಕ್ರಯಪತ್ರ ನೋಂದಣಿಯಾದ ದಿನಕ್ಕಿಂತ ಹಿಂದಿನಿಂದ ಅವಧಿ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಪತ್ರವೇ ಅದರಲ್ಲಿ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಸಿಗುವುದು 2004ರ ಏಪ್ರಿಲ್ ನಂತರದ ವಿವರ, ಅದಕ್ಕೂ ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕ ಹುಡುಕಿಸಬೇಕು. ಬ್ಯಾಂಕಿನ ಸಾಲ ತೀರಿ ವರ್ಷಗಳೇ ಆಗಿದ್ದರೂ ಋಣಮುಕ್ತಿ ಪತ್ರ ನೋಂದಾಯಿಸದಿದ್ದರೆ ಅಡಮಾನ ಇಸಿಯಲ್ಲಿ ಹಾಗೇ ಉಳಿದಿರುತ್ತದೆ. ಬ್ಯಾಂಕ್ ಕೊಡುವ ಬಾಕಿಯಿಲ್ಲದ ಪತ್ರ ಅದನ್ನು ಅಳಿಸದು.

ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಜೊತೆ ನಾಡಕಚೇರಿಯ ವಂಶವೃಕ್ಷ ಬೇಕು, ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಇರಬೇಕು. ಒಬ್ಬರ ಹೆಸರಿಗೇ ಖಾತಾ ಬೇಕೆಂದರೆ ಉಳಿದವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಡಬೇಕು. ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಬರೆದುಕೊಟ್ಟದ್ದು ಸಾಲದು. ಹಾಗೆಂದು ಖಾತಾ ಬಂದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗುವುದೂ ಇಲ್ಲ. ತೆರಿಗೆ ಯಾರು ಕಟ್ಟಬೇಕು ಎಂದು ಹೇಳುವ ದಾಖಲೆ ಅದು. ಕೊಳ್ಳುವವರು ಇದನ್ನು ಮರೆಯಬಾರದು.

ಇನ್ನು ಸ್ವೀಕೃತಿ. ‘ಪತ್ರ ಇಟ್ಟು ಹೋಗಿ, ನೋಡೋಣ’ ಎಂದರೆ ಒಪ್ಪಲೇಬೇಡಿ. ಖಾತಾ ವರ್ಗಾವಣೆ ಸಕಾಲ ಸೇವೆ, ಅಂದರೆ ಗೊತ್ತುಮಾಡಿದ ಗಡುವಿನೊಳಗೆ ಕೊಡಲೇಬೇಕಾದ ಸೇವೆ. 15 ಅಂಕಿಯ ಸಕಾಲ ಸಂಖ್ಯೆ ಕೈಗೆ ಬಂದ ಮೇಲಷ್ಟೇ ಗಡುವಿನ ಎಣಿಕೆ ಶುರುವಾಗುತ್ತದೆ; ಅದಿಲ್ಲದೆ ಕೊಟ್ಟ ಕಾಗದ ಕಚೇರಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ವಿಳಂಬ ಮಾಡಿದ ಅಧಿಕಾರಿ ಮೇಲಧಿಕಾರಿಗೆ ವಿವರಣೆ ಕೊಡಬೇಕಾಗುತ್ತದೆ, ಕಡತ ಚಲಿಸುವುದು ಅದರಿಂದ. ಅರ್ಜಿ ತಿರಸ್ಕರಿಸಿದರೆ ಲಿಖಿತ ಕಾರಣ ಕೇಳಿ, 30 ದಿನದೊಳಗೆ ಮೇಲ್ಮನವಿ ಹಾಕಿ. ಕಾರಣವನ್ನೇ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತವನ್ನೇ ನೋಡಲು ಕೇಳಬಹುದು. ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಲಿ.

ಪೌರಾಡಳಿತ ಇಲಾಖೆಯಲ್ಲಿ ಕೇಳಿಕೊಳ್ಳುವುದು ಇಷ್ಟು: ಅರ್ಜಿ ಬಂದ ಮೇಲೆ ಕಡತವನ್ನು ಪೂರ್ತಿ ಪರಿಶೀಲಿಸಿ, ಕೊರತೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಸಹಿ ಹಾಕಿ ಅರ್ಜಿದಾರರಿಗೆ ಕೊಡಬೇಕು. ಆ ಹಾಳೆಯಲ್ಲಿಲ್ಲದ ಹೊಸ ಆಕ್ಷೇಪಣೆಯನ್ನು ಆಮೇಲೆ ಎತ್ತುವುದಾದರೆ ಮೊದಲು ಏಕೆ ಹೇಳಲಿಲ್ಲ ಎಂಬುದನ್ನು ಮುಖ್ಯಾಧಿಕಾರಿ ಅಥವಾ ಆಯುಕ್ತರು ಕಡತದಲ್ಲೇ ದಾಖಲಿಸಬೇಕು.